ಸೈಜ್ ಎಷ್ಟು ಬಂತು?

ಹೊಸ ಗ್ರೈಂಡಿಂಗ್ ವೀಲ್ ಬಂದರೆ ಅಪ್ಪ ಮೊದಲು ಅದನ್ನು ಬಡಿದು ಕೇಳುತ್ತಿದ್ದರು. ನಡುವಿನ ತೂತಿಗೆ ಬೆರಳು ತೂರಿಸಿ ನೇತಾಡಿಸಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟುವುದು. ಟಣ್ ಎಂದರೆ ವೀಲ್ ಗಟ್ಟಿ. ಸೀಳಿದ ಮಡಕೆಯ ಹಾಗೆ ಬೊದ್ದೆಂದರೆ ಒಳಗೆಲ್ಲೋ ಬಿರುಕಿದೆ, ಮಶೀನಿಗೆ ಏರಿಸುವಂತಿಲ್ಲ. ತಿರುಗುವಾಗ ಅದರ ಅಂಚು ಸೆಕೆಂಡಿಗೆ 30 ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಬಿರುಕು ಬಿಟ್ಟ ವೀಲ್ ಒಡೆದರೆ ಎದುರಿಗೆ ನಿಂತವನ ಕಥೆ ಮುಗಿದಂತೆ.

ದನಿ ಸರಿಯಿದ್ದ ಮೇಲೆ ಬ್ಯಾಲೆನ್ಸಿಂಗ್. ಫ್ಲ್ಯಾಂಜಿಗೆ ಕೂರಿಸಿದ ವೀಲನ್ನು ಎರಡು ಹಳಿಗಳಂಥ ಸ್ಟ್ಯಾಂಡಿನ ಮೇಲಿಟ್ಟು ಕೈ ಬಿಟ್ಟರೆ ಭಾರವಾದ ಕಡೆ ತಾನಾಗಿ ಕೆಳಕ್ಕೆ ಉರುಳುತ್ತದೆ. ಫ್ಲ್ಯಾಂಜಿನ ಗ್ರೂವ್‌ನಲ್ಲಿರುವ ಪುಟ್ಟ ತೂಕಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಮತ್ತೆ ನೋಡಬೇಕು. ಹೇಗೆ ತಿರುಗಿಸಿ ಬಿಟ್ಟರೂ ಬಿಟ್ಟಲ್ಲೇ ನಿಂತಿತೆಂದರೆ ಬ್ಯಾಲೆನ್ಸ್ ಆಯಿತು. ಅದಾದ ಮೇಲೆ ಮಶೀನಿಗೆ ಏರಿಸಿ, ವಜ್ರದ ತುದಿಯಿಂದ ಡ್ರೆಸ್ ಮಾಡಿ, ಕೆಳಗಿಳಿಸಿ ಇನ್ನೊಮ್ಮೆ ಬ್ಯಾಲೆನ್ಸ್ ನೋಡುತ್ತಿದ್ದರು. ಅರ್ಧ ದಿನ ಇದಕ್ಕೇ ಹೋದರೂ ಅಪ್ಪ ಅವಸರ ಮಾಡಿದ್ದು ನಾನು ಕಾಣೆ. ಬ್ಯಾಲೆನ್ಸ್ ತಪ್ಪಿದ ವೀಲ್ ಎಷ್ಟು ಹೊತ್ತು ಓಡಿದರೂ ಜಾಬಿನ ಮೈಮೇಲೆ ಅಲೆಅಲೆಯಾಗಿ ಗೆರೆ ಬೀಳುತ್ತದೆ. ಅದನ್ನು ಚ್ಯಾಟರ್ ಅನ್ನುತ್ತಾರೆ. ಮಶೀನು ಓಡಿತು, ಕರೆಂಟು ಸುಟ್ಟಿತು, ಆಳು ನಿಂತ. ಮಾಲು ಮಾತ್ರ ರಿಜೆಕ್ಟ್.

ರಾಜಾಜಿಯವರ ಹೆಸರು ಹೊತ್ತ ನಮ್ಮ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ, ಒಂದು ತಗಡಿನ ಶೆಡ್ಡಿನಲ್ಲಿ, ಅಪ್ಪ 31 ವರ್ಷ ಗ್ರೈಂಡರ್ ಆಗಿದ್ದರು. ಎಚ್‌ಎಂಟಿಯ ಹಳೆಯ ಸಿಲಿಂಡ್ರಿಕಲ್ ಗ್ರೈಂಡಿಂಗ್ ಮಶೀನು ಅವರದು. ಹಾಗಾಗಿ ಗ್ರೈಂಡಿಂಗ್, ಬ್ಯಾಲೆನ್ಸ್ ಎಂಬ ಎರಡು ಮಾತುಗಳು ನಮ್ಮ ಮನೆಯಲ್ಲಿ ಹಾಲು, ಮೊಸರಿನಷ್ಟು ಬಳಕೆಯವು. 2003ರಲ್ಲಿ ಅವೇ ಎರಡು ಮಾತುಗಳು ವಿಜಯನಗರದ ಸೈಬರ್ ಸೆಂಟರಿನಿಂದ, ತಮ್ಮನ ಬಾಯಲ್ಲಿ, ಬೇರೆ ಅರ್ಥ ಹೊತ್ತು ಮನೆಗೆ ಬಂದವು. ಆ ಎರಡು ಅರ್ಥಗಳ ನಡುವೆ ನಾನು ಕಳೆದ ಒಂದು ವರ್ಷದ ಕಥೆ ಇದು.

ಕಂಪ್ಯೂಟರ್ ಬಂದದ್ದು 2002ರ ಬೇಸಿಗೆಯಲ್ಲಿ, ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೆಯ ವಾರ. ಅಪ್ಪ ಚೀಟಿ ಎತ್ತಿದ ದುಡ್ಡು ಹಿಡಿದುಕೊಂಡು ನಾವೆಲ್ಲ ಎಸ್.ಪಿ. ರಸ್ತೆಗೆ ಹೋದೆವು. ಒಂದು ಅಂಗಡಿಯಲ್ಲಿ ಮದರ್‌ಬೋರ್ಡು, ಇನ್ನೊಂದರಲ್ಲಿ ಮಾನಿಟರು, ಮೂರನೆಯದರಲ್ಲಿ ಯುಪಿಎಸ್ಸು. ಕಾಮಾಕ್ಷಿಪಾಳ್ಯದ ನಮ್ಮ ಎರಡು ಕೋಣೆಯ ಮನೆಗೆ ಆಟೋದಲ್ಲಿ ಮಾನಿಟರನ್ನು ಅಮ್ಮ ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು. ಪಿಯುಸಿಯಲ್ಲಿ ನಾನು ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುತ್ತೇನೆ ಎಂಬುದು ಅದಕ್ಕೆ ಕಾರಣ. ಆದರೆ ಅದರೊಳಗೆ ಮೊದಲು ಹೊಕ್ಕದ್ದು ಪಾಠವಲ್ಲ. ಎದುರುಮನೆಯವರ ಮಗ ಅಮೆರಿಕದಿಂದ ರಜೆಗೆ ಬಂದವರು, ನಮ್ಮ ಕಂಪ್ಯೂಟರ್ ನೋಡಿ ಸಂತೋಷಪಟ್ಟು, ತಾವು ಆಡಿ ಮುಗಿಸಿದ ಒಂದು ಆಟದ ಸಿ.ಡಿ.ಗಳನ್ನು ಕೊಟ್ಟು ಹೋದರು. ಮೂಲ ಆಟಕ್ಕೆ ಮೂರು ಸಿ.ಡಿ., ಆಮೇಲಿನ ವಿಸ್ತರಣೆಗೆ ಒಂದು. ಆಟದ ಹೆಸರು ಡಯಾಬ್ಲೊ 2.

2000ದ ಜೂನ್ ಕೊನೆಯಲ್ಲಿ ಬಂದ ಆಟ ಅದು. ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’ ಎಂಬ ವಿಸ್ತರಣೆ ಮರುವರ್ಷ ಬಂತು. ಮೇಲಿನಿಂದ ಓರೆಯಾಗಿ ಕಾಣುವ ಕತ್ತಲ ಲೋಕ, ಮಳೆ ಬೀಳುವ ಒಂದು ಬಿಡಾರ, ಬೇಲಿ ದಾಟಿದರೆ ಪಿಶಾಚಿಗಳು. ಏಳು ಪಾತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು ಮಾಂತ್ರಿಕೆಯನ್ನು ಆರಿಸಿದೆ, ತಮ್ಮ ಬಾರ್ಬೇರಿಯನ್ನನ್ನು. ಒಂದೇ ಕಂಪ್ಯೂಟರ್, ಇಬ್ಬರು. ಅಮ್ಮ ಗೋಡೆ ಗಡಿಯಾರದ ಕೆಳಗೆ ಚೀಟಿ ಅಂಟಿಸಿದ್ದಳು: ಸಂಜೆ 6ರಿಂದ 7 ತಮ್ಮ, ಊಟವಾದ ಮೇಲೆ ಒಂದು ಗಂಟೆ ನಾನು.

ಆ ಆಟದ ಮೊದಲ ತಿಂಗಳುಗಳಷ್ಟು ಸುಖ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ಮೊದಲ ಡಯಾಬ್ಲೊವನ್ನು ಕಟ್ಟುವಾಗ ಅದು ಚದುರಂಗದ ಹಾಗೆ ಸರದಿ ಪ್ರಕಾರ ಆಡುವ ಆಟವಾಗಿತ್ತಂತೆ. ಡೇವಿಡ್ ಬ್ರೆವಿಕ್ ಎಂಬ ಅದರ ನಿರ್ಮಾತೃ ಒಂದು ಮಧ್ಯಾಹ್ನ ಕೂತು ಸರದಿಯನ್ನು ಕಿತ್ತುಹಾಕಿದರು. ಇಲಿಯನ್ನು ಒತ್ತಿದ ಕೂಡಲೇ ಪರದೆಯ ಮೇಲಿನ ಯೋಧ ನಡೆದುಹೋಗಿ ಎಲುಬುಗೂಡನ್ನು ಪುಡಿ ಮಾಡಿದಾಗ, ಇದೇ ಆಟ ಎಂದು ಅವರಿಗೆ ಹೊಳೆಯಿತಂತೆ. ಇದನ್ನು ನಾನು ಬಹಳ ವರ್ಷಗಳ ಮೇಲೆ ತಿಳಿದೆ. ಆದರೆ 15 ಇಂಚಿನ ಆ ಮಾನಿಟರಿನ ಮುಂದೆ ನನ್ನ ಬೆರಳಿಗೆ ಅದು ಆಗಲೇ ಗೊತ್ತಿತ್ತು. ಒತ್ತಿದ್ದಕ್ಕೆ ಅಲ್ಲೇ ಉತ್ತರ ಬರುತ್ತಿತ್ತು. ಒಂದು ಮಟ್ಟ ಏರಿದರೆ ವಿದ್ಯೆಗೆ ಒಂದು ಪಾಯಿಂಟು, ಮೈಗೆ ಐದು. ನಿನ್ನೆ ಓಡಿಸಿಕೊಂಡು ಬಂದ ಪಿಶಾಚಿಯನ್ನು ಇಂದು ನಾನು ಓಡಿಸುತ್ತಿದ್ದೆ. ಯಾವುದರ ಎದುರು ನಿಲ್ಲಬೇಕು, ಯಾವುದರಿಂದ ದೂರವಿರಬೇಕು ಎಂದು ಕಲಿತದ್ದು ಕೆಲಸಕ್ಕೆ ಬರುತ್ತಿತ್ತು. ಪರದೆಯಲ್ಲಿ ಅವಳು ಬೆಳೆದಷ್ಟು ಇತ್ತ ನಾನೂ ಬೆಳೆಯುತ್ತಿದ್ದೆ.

ಇಡೀ ಕಥೆ ಐದು ಅಂಕ. ಅದನ್ನು ಮೂರು ಸಲ ಆಡಬೇಕು: ಮೊದಲು ನಾರ್ಮಲ್, ಆಮೇಲೆ ನೈಟ್‌ಮೇರ್, ಕೊನೆಗೆ ಹೆಲ್. ಜಾಗಗಳು ಅವೇ, ಮಾತುಗಳು ಅವೇ. ಲೆಕ್ಕ ಮಾತ್ರ ಬೇರೆ. ಬೆಂಕಿ, ಮಂಜು, ಮಿಂಚು, ವಿಷ ಈ ನಾಲ್ಕನ್ನು ತಡೆಯುವ ಶಕ್ತಿಯಿಂದ ನೈಟ್‌ಮೇರಿನಲ್ಲಿ 40 ಕಳೆಯುತ್ತಾರೆ, ಹೆಲ್‌ನಲ್ಲಿ 100. ತಡೆಯುವ ಶಕ್ತಿಯ ಮಿತಿ ಸಾಮಾನ್ಯವಾಗಿ 75. ಅಂದರೆ ಹೆಲ್‌ನಲ್ಲಿ ನೆಟ್ಟಗೆ ನಿಲ್ಲಬೇಕಾದರೆ 175 ಕೂಡಿಸಬೇಕು. ಕೂಡಿಸುವುದು ಕವಚ, ಉಂಗುರ, ತಾಯಿತಗಳಿಂದ, ಅವು ಸಿಗುವುದು ಸತ್ತ ಪಿಶಾಚಿ ಏನು ಬೀಳಿಸುತ್ತದೋ ಅದರಿಂದ, ಬೀಳಿಸುವುದೆಲ್ಲ ಅದೃಷ್ಟದಿಂದ. ಎರಡನೇ ಅಂಕದ ಮರಳುಗಾಡಿನ ಗೋರಿಯಲ್ಲಿ ಡ್ಯೂರಿಯಲ್ ಎಂಬ ಹುಳು ಇತ್ತು. ಕೋಣೆ ಕಿರಿದು, ಅದರ ಬಳಿ ಹೋದವರ ಕೈಕಾಲು ಮರಗಟ್ಟುತ್ತದೆ. ಬಾಗಿಲು ದಾಟಿ ಒಳಗಿನ ಚಿತ್ರ ಪರದೆಗೆ ಬರುವಷ್ಟರಲ್ಲೇ ಸತ್ತಿರುತ್ತಿದ್ದೆವು. ಅಲ್ಲಿಯೂ ನಾವು ಬೇಸರಪಡಲಿಲ್ಲ. ಸಾಯುತ್ತ ಸಾಯುತ್ತ ಒಂದು ದಾರಿ ಕಂಡುಕೊಂಡೆವು. ಕಷ್ಟಕ್ಕೂ ಅನ್ಯಾಯಕ್ಕೂ ಇರುವ ವ್ಯತ್ಯಾಸ ಮುಂದೆ ಗೊತ್ತಾಯಿತು.

ಮೊದಲ ಪೆಟ್ಟು ಬಿದ್ದದ್ದು ತಮ್ಮನಿಗೆ. ನಾಲ್ಕನೇ ಅಂಕದ ಕೊನೆಗೆ ಕೇಯಾಸ್ ಸ್ಯಾಂಕ್ಚುರಿ ಎಂಬ ಜಾಗವಿದೆ. ಅಲ್ಲಿಯ ಆಬ್ಲಿವಿಯನ್ ನೈಟ್‌ಗಳು ಆಗ ಐರನ್ ಮೇಡನ್ ಎಂಬ ಶಾಪ ಹಾಕುತ್ತಿದ್ದವು. ಶಾಪ ತಗುಲಿದವನು ಕತ್ತಿ ಬೀಸಿದರೆ ಆ ಪೆಟ್ಟು ಹಲವು ಪಟ್ಟಾಗಿ ಅವನಿಗೇ ವಾಪಸು. ದೂರ ನಿಂತು ಮಂತ್ರ ಬಿಡುವ ನನಗೆ ಆ ಶಾಪ ಲೆಕ್ಕಕ್ಕಿಲ್ಲ. ತಮ್ಮನ ಬಾರ್ಬೇರಿಯನ್ ಎರಡು ಕೊಡಲಿ ಹಿಡಿದು ಬುಗುರಿಯಂತೆ ಸುತ್ತುತ್ತಾ ಹೊಡೆಯುವವನು. ಒಂದು ಭಾನುವಾರ ಅವನು ಸುತ್ತಲು ಶುರು ಮಾಡಿದ, ತಲೆಯ ಮೇಲೆ ಶಾಪದ ಗುರುತು ಮೂಡಿತು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ. ಹೆಲ್‌ನಲ್ಲಿ ಸತ್ತರೆ ಒಂದು ಮಟ್ಟದ ಅನುಭವದಲ್ಲಿ ನೂರಕ್ಕೆ 10 ಕಡಿತ. ಒಂದು ವಾರದ ಸಂಜೆಗಳು ಹೋದವು. ತಮ್ಮನಿಗೆ ಆಗ ಹನ್ನೆರಡು ವರ್ಷ.

“ಅಕ್ಕ, ನಾನು ಏನು ತಪ್ಪು ಮಾಡ್ದೆ?” ಎಂದು ಕೇಳಿದ.

ಏನೂ ತಪ್ಪು ಮಾಡಿರಲಿಲ್ಲ. ಆ ಪಾತ್ರಕ್ಕೆ ಆಟವೇ ಕಲಿಸಿದ ಕೆಲಸವನ್ನು ಚೆನ್ನಾಗಿ ಮಾಡಿದ್ದ. ಎಷ್ಟು ಚೆನ್ನಾಗಿ ಹೊಡೆದನೋ ಅಷ್ಟು ಬೇಗ ಸತ್ತ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಒಂದು ಆಟ ನ್ಯಾಯವಾಗಿದೆಯೇ ಎಂದು ನೋಡಬೇಕಾದಾಗ ಆ ಪ್ರಶ್ನೆಯನ್ನೇ ಇಟ್ಟು ಅಳೆಯುತ್ತೇನೆ. ಸೋತ ಮಗು ಏನು ತಪ್ಪು ಮಾಡಿದೆ ಎಂದು ಕೇಳಿದಾಗ ತೋರಿಸುವುದಕ್ಕೆ ಒಂದು ತಪ್ಪು ಇರಬೇಕು.

ನನ್ನ ಸರದಿ 2003ರ ಕೊನೆಗೆ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಆಟಕ್ಕೆ 1.10 ಎಂಬ ದೊಡ್ಡ ತಿದ್ದುಪಡಿ ಹೊರಬಂತು. ಸೈಬರ್ ಸೆಂಟರಿನವರು ಸಿ.ಡಿ.ಗೆ ಹಾಕಿಕೊಟ್ಟದ್ದನ್ನು ತಮ್ಮ ಹಬ್ಬದ ತಿಂಡಿಯ ಹಾಗೆ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ಒಳ್ಳೆಯ ಆಲೋಚನೆಯಿತ್ತು. ಅದುವರೆಗೆ ಕೆಳಹಂತದ ವಿದ್ಯೆಗಳಿಗೆ ಒಂದೊಂದು ಪಾಯಿಂಟ್ ಇಟ್ಟು ದಾಟಿಬಿಡುತ್ತಿದ್ದೆವು, ಆಮೇಲೆ ಅವು ಮೂಲೆಗೆ. ಇನ್ನು ಮುಂದೆ ಕೆಳಗಿನ ವಿದ್ಯೆಗೆ ಸುರಿದ ಪಾಯಿಂಟು ಮೇಲಿನ ವಿದ್ಯೆಗೂ ಬಲ ಕೊಡುತ್ತದೆ. ಅದಕ್ಕೆ ತಕ್ಕಂತೆ ಹೆಲ್‌ನ ಪಿಶಾಚಿಗಳನ್ನೂ ಬಹಳ ಗಟ್ಟಿ ಮಾಡಿದ್ದರು.

ಹೊಸದಾಗಿ ಶುರು ಮಾಡುವವರಿಗೆ ಅದು ಸರಿ. ನನ್ನ ಮಾಂತ್ರಿಕೆ ಆಗಲೇ 76ನೇ ಮಟ್ಟದಲ್ಲಿದ್ದಳು. ಹಳೆಯ ಲೆಕ್ಕವನ್ನು ನಂಬಿ, ಮಂಜಿನ ಗೋಳವೊಂದಕ್ಕೆ 20 ಪಾಯಿಂಟು, ಮಂಜಿನ ಮೇಲಿನ ಹಿಡಿತಕ್ಕೆ ಅಷ್ಟೇ, ಉಳಿದದ್ದನ್ನು ಅಲ್ಲಲ್ಲಿ ಹಂಚಿ ಅವಳನ್ನು ಕಟ್ಟಿದ್ದೆ. ಐದನೇ ಅಂಕದ ಹಿಮದ ಬೆಟ್ಟದಲ್ಲಿ ಅವಳ ಮುಂದೆ ನಿಂತ ಪಿಶಾಚಿಗಳ ಹೆಸರಿನ ಕೆಳಗೆ ಮೂರು ಪದಗಳಿದ್ದವು: ಇಮ್ಯೂನ್ ಟು ಕೋಲ್ಡ್. ಮಂಜು ತಗುಲುವುದಿಲ್ಲ ಎಂದರ್ಥ. ಕಡಿಮೆ ತಗುಲುತ್ತದೆ ಎಂದಲ್ಲ, ತಗುಲುವುದೇ ಇಲ್ಲ. ಒಂದೂವರೆ ವರ್ಷ ಕಟ್ಟಿದ ವಿದ್ಯೆಯನ್ನು ಅವುಗಳ ಮುಂದೆ ರಾತ್ರಿಯೆಲ್ಲ ಸುರಿದರೂ ಒಂದು ಗೀರು ಬೀಳುವುದಿಲ್ಲ.

ಹಾಗಾದರೆ ವಿದ್ಯೆ ಬದಲಿಸಿಕೊಳ್ಳೋಣವೆಂದರೆ ಆಗ ದಾರಿಯಿರಲಿಲ್ಲ. ಇಟ್ಟ ಪಾಯಿಂಟ್ ಇಟ್ಟದ್ದೇ. 99ನೇ ಮಟ್ಟಕ್ಕೆ ಹೋದರೂ ಒಂದು ಪಾತ್ರಕ್ಕೆ ಜನ್ಮಕ್ಕೆಲ್ಲ ಸಿಗುವುದು 110 ಪಾಯಿಂಟು. ಮಟ್ಟ ಏರಿದ್ದಕ್ಕೆ 98, ಕೆಲವು ಕೆಲಸ ಮುಗಿಸಿದ್ದಕ್ಕೆ 12. ಆ 99ನ್ನು ಮುಟ್ಟಲು ಬೇಕಾದ ಅನುಭವದ ಮೊತ್ತ 352 ಕೋಟಿಗೂ ಹೆಚ್ಚು. ಎಪ್ಪತ್ತರ ಮೇಲೆ ಹೋದಂತೆ ಪಿಶಾಚಿ ಕೊಡುವ ಅನುಭವವನ್ನೂ 1.10 ಮೊಟಕು ಮಾಡುತ್ತಾ ಹೋಗುತ್ತಿತ್ತು. ಏನೂ ತಿಳಿಯದ ವಯಸ್ಸಿನಲ್ಲಿ ಇಟ್ಟ ಹೆಜ್ಜೆಗಳನ್ನು, ತಿಳಿದ ಮೇಲೆ ತಿದ್ದಲು ಅವಕಾಶವಿಲ್ಲ. ನಿಯಮ ಮಾಡಿದವರು ನಿಯಮವನ್ನು ತಿದ್ದಬಹುದು, ಅದನ್ನು ನಂಬಿ ನಡೆದವಳು ತನ್ನನ್ನು ತಿದ್ದಿಕೊಳ್ಳುವಂತಿಲ್ಲ. ಹದಿನೇಳರ ನನಗೆ ಇದು ಬಹಳ ನೋವು ಕೊಟ್ಟಿತು. ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬುದನ್ನು ಹದಿನೈದಕ್ಕೇ ಬರೆದುಕೊಟ್ಟಿದ್ದ ಹುಡುಗಿ ನಾನು. ಹಾಗಾಗಿ ಆ ನೋವು ಬರೀ ಆಟದ್ದಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಒಂದೇ ದಾರಿ ಉಳಿದಿತ್ತು. ಮಾಂತ್ರಿಕೆಯ ಜೊತೆ ಒಬ್ಬ ಕೂಲಿ ಸಿಪಾಯಿ ಇರುತ್ತಾನೆ, ಈಟಿ ಹಿಡಿದವನು. ಅವನ ಕೈಗೆ ಒಂದು ಒಳ್ಳೆಯ ಆಯುಧ ಸಿಕ್ಕರೆ ಮಂಜು ತಗುಲದವರನ್ನು ಅವನು ನೋಡಿಕೊಳ್ಳುತ್ತಾನೆ. ಆಯುಧ ಬೇಕಾದರೆ ದೊಡ್ಡ ರಾಕ್ಷಸರನ್ನು ಕೊಲ್ಲಬೇಕು. ದೊಡ್ಡವರಲ್ಲಿ ನನ್ನ ಮಂಜಿಗೆ ಬಗ್ಗುತ್ತಿದ್ದದ್ದು ಮೂರನೇ ಅಂಕದ ಮೆಫಿಸ್ಟೊ. ಅವನ ಗುಹೆಯಲ್ಲಿ ರಕ್ತದ ಕಂದಕವಿದೆ. ಈಚೆ ದಡದಲ್ಲಿ ನಿಂತು ಮಂಜು ಎಸೆದರೆ ಅವನು ದಾಟಿ ಬರಲಾರ. ಹೀಗೆ ಕೊಲ್ಲುವುದು, ಬಿದ್ದದ್ದನ್ನು ನೋಡುವುದು, ಆಟ ಮುಚ್ಚಿ ಮತ್ತೆ ತೆರೆಯುವುದು. ಮತ್ತೆ ತೆರೆದರೆ ಅವನು ಮತ್ತೆ ಜೀವಂತ. ಒಬ್ಬರೇ ಆಡುವಾಗ ಹಂತ ಬದಲಿಸದ ಹೊರತು ನಕ್ಷೆಯೂ ಬದಲಾಗುತ್ತಿರಲಿಲ್ಲ. ಮೆಟ್ಟಿಲಿಳಿದು ಎಡಕ್ಕೆ, ಎರಡು ಗೋಡೆ ಹಾರಿ ಬಲಕ್ಕೆ. ಕಣ್ಣು ಕಟ್ಟಿದರೂ ಹೋಗುತ್ತಿದ್ದೆ.

ತಮ್ಮನ ಸೈಬರ್ ಸೆಂಟರ್ ಗೆಳೆಯರು ಇದಕ್ಕೆ ಗ್ರೈಂಡಿಂಗ್ ಅನ್ನುತ್ತಿದ್ದರು. “ಬ್ಯಾಲೆನ್ಸ್ ಇಲ್ದೇ ಇರೋ ಆಟದಲ್ಲಿ ಗ್ರೈಂಡಿಂಗ್ ಮಾಡ್ಲೇಬೇಕು ಅಕ್ಕ” ಎಂದು ಅವನೂ ಕಲಿತು ಬಂದಿದ್ದ. ನಾನು ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೀಟು ಹಾಕತೊಡಗಿದೆ. ಒಂದು ಸಾವಿಗೆ ಒಂದು ಗೀಟು, ಐದನೆಯದು ಅಡ್ಡ. ಒಂದಕ್ಕೆ ಏಳು ನಿಮಿಷ ಹಿಡಿಯುತ್ತಿತ್ತು. ನೂರಾದಾಗ ಹೆಮ್ಮೆಪಟ್ಟೆ. ಇನ್ನೂರಾದಾಗ ಏನೂ ಅನಿಸಲಿಲ್ಲ. ಮುನ್ನೂರಾದ ರಾತ್ರಿ ಕರೆಂಟು ಹೋಗಿ, ಯುಪಿಎಸ್ಸು ಕೂಗಿಕೊಳ್ಳುತ್ತಿದ್ದಾಗ, ಕತ್ತಲಲ್ಲಿ ಕೂತು ನನ್ನ ಕೈ ನೋಡಿಕೊಂಡೆ. ತೋರುಬೆರಳು ತಾನಾಗಿ ಅಲುಗುತ್ತಿತ್ತು. ಅಷ್ಟರಲ್ಲಿ ಜನವರಿ ಬಂದಿತ್ತು. ದ್ವಿತೀಯ ಪಿಯುಸಿ ಪರೀಕ್ಷೆಗೆ ಎರಡು ತಿಂಗಳಿತ್ತು.

ಈಟಿ ಸಿಕ್ಕಲಿಲ್ಲ. ಸಿಕ್ಕದ್ದು ಬೇರೆಯವರಿಗೆ ಬೇಕಾದ ಕವಚ, ಬೇರೆ ಪಾತ್ರದ ಬಿಲ್ಲು, ನೂರೆಂಟು ಉಂಗುರ. ಗಂಟಿನಲ್ಲಿ ಇಡಲು ಹತ್ತಕ್ಕೆ ನಾಲ್ಕರಂತೆ 40 ಚೌಕ, ಪೆಟ್ಟಿಗೆಯಲ್ಲಿ 48. ಯಾವುದನ್ನು ಎಸೆಯಲಿ ಎಂಬುದೇ ಒಂದು ಕೆಲಸವಾಯಿತು. ಇನ್ನೂ ಒಂದು ಕಹಿ ಇತ್ತು. 1.10ರಲ್ಲಿ ಸೇರಿಸಿದ, ಆಯುಧ ಕವಚಗಳಿಗೆ ಬಲ ತುಂಬುವ ರೂನ್‌ ಪದಗಳಲ್ಲಿ ಹಲವನ್ನು ಇಂಟರ್ನೆಟ್ಟಿನ ಪೈಪೋಟಿಯಲ್ಲಿ ಆಡುವವರಿಗೆ ಮಾತ್ರ ಮೀಸಲಿಟ್ಟಿದ್ದರು. ಫೋನಿನ ಲೈನೇ ಇಲ್ಲದ ಕಾಮಾಕ್ಷಿಪಾಳ್ಯದ ಮನೆಯಲ್ಲಿ ಒಬ್ಬಳೇ ಆಡುವವಳಿಗೆ ಅವು ಎಷ್ಟು ದುಡಿದರೂ ಇಲ್ಲ. ಪಿಶಾಚಿಗಳು ಮಾತ್ರ ಇಬ್ಬರಿಗೂ ಒಂದೇ.

ಒಂದು ರಾತ್ರಿ ಎರಡನೇ ಪಾಳಿ ಮುಗಿಸಿ ಬಂದ ಅಪ್ಪ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡರು.

“ಏನ್ ಪುಟ್ಟಿ ಇದು, ಗೀಟು?”

“ಗ್ರೈಂಡಿಂಗ್ ಲೆಕ್ಕ ಅಪ್ಪ. ಒಂದೇ ರಾಕ್ಷಸನ್ನ ಎಷ್ಟು ಸಲ ಕೊಂದೆ ಅಂತ.”

“ಎಷ್ಟಾಯ್ತು?”

“ನಾನೂರ ಹನ್ನೆರಡು.”

ಅಪ್ಪ ಬೈಯಲಿಲ್ಲ. ಗೀಟುಗಳ ಮೇಲೆ ಬೆರಳಾಡಿಸಿ, ಶೆಡ್ಡಿನಲ್ಲಿ ಕೇಳುವ ದನಿಯಲ್ಲೇ ಕೇಳಿದರು: “ಸೈಜ್ ಎಷ್ಟು ಬಂತು?”

ಆ ಪ್ರಶ್ನೆಯ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಲೇತಿನಿಂದ ಬಂದ ಶಾಫ್ಟು ಬೇಕಾದ ಅಳತೆಗಿಂತ ಕೂದಲೆಳೆ ದಪ್ಪವಿರುತ್ತದೆ, ಮಿಲಿಮೀಟರಿನಲ್ಲಿ ಎರಡು ಮೂರು ದಶಾಂಶ. ಅಷ್ಟನ್ನು ಮೈಕ್ರಾನ್ ಲೆಕ್ಕದಲ್ಲಿ ತೆಗೆಯುವುದು ಗ್ರೈಂಡಿಂಗ್. ಒಂದೊಂದು ಪಾಸಿಗೂ ಮೈಕ್ರೊಮೀಟರ್ ಇಟ್ಟು ನೋಡುತ್ತಾರೆ. ನೂರು ಪಾಸ್ ಹೊಡೆದೆ ಎಂದು ಯಾರೂ ಹೇಳುವುದಿಲ್ಲ. ಸೈಜ್ ಎಷ್ಟು ಬಂತು ಎಂದೇ ಕೇಳುವುದು. 412 ಗೀಟಿಗೆ, ಅಂದರೆ ಸುಮಾರು 48 ಗಂಟೆಗೆ, ನನ್ನಲ್ಲಿ ಹೇಳಲು ಒಂದು ಮೈಕ್ರಾನೂ ಇರಲಿಲ್ಲ. ನನ್ನ ಕೈಚಳಕ ಹೆಚ್ಚಿರಲಿಲ್ಲ, ಮಾಂತ್ರಿಕೆ ಮುಂದೆ ಹೋಗಿರಲಿಲ್ಲ, ಕಥೆ ಕದಲಿರಲಿಲ್ಲ.

ಮಾರನೆಯ ಶನಿವಾರ ಊಟದ ಡಬ್ಬಿ ಕೊಡಲು ಶೆಡ್ಡಿಗೆ ಹೋದಾಗ ಅಪ್ಪ ಮಶೀನು ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು. ಕೂಲೆಂಟ್ ವಾಸನೆ, ಕಾಲಡಿ ಎಣ್ಣೆ ಹೀರಿದ ಮರದ ಪುಡಿ. ವೀಲಿನ ಮುಖ ತೋರಿಸಿದರು. ಗಾಜಿನ ಹಾಗೆ ಹೊಳೆಯುತ್ತಿತ್ತು.

“ಚೆನ್ನಾಗಿ ಕಾಣುತ್ತಲ್ವಾ? ಇದು ಕೆಟ್ಟಿರೋ ವೀಲು. ಇದರಲ್ಲಿರೋ ಕಣವೆಲ್ಲ ಚೂಪಿದ್ದಾಗ ಕತ್ತರಿಸುತ್ತೆ. ಮೊಂಡಾದ್ಮೇಲೆ ಬರೀ ಉಜ್ಜುತ್ತೆ. ಉಜ್ಜಿದ್ರೆ ಬಿಸಿ. ಬಿಸಿಯಾದ್ರೆ ಜಾಬು ಸುಡುತ್ತೆ. ಕಿಡಿ ನೋಡಿದ್ರೇ ಗೊತ್ತಾಗುತ್ತೆ, ಸಪ್ಪೆ ಇರುತ್ತೆ.”

“ಇನ್ನೂ ಜೋರಾಗಿ ಕೊಟ್ರೆ?”

“ಇನ್ನೂ ಸುಡುತ್ತೆ. ಜೋರು ಮಾಡೋದಲ್ಲಮ್ಮ, ನಿಲ್ಲಿಸ್ಬೇಕು. ನಿಲ್ಲಿಸಿ ಡ್ರೆಸ್ ಮಾಡ್ಬೇಕು.”

ವಜ್ರದ ಮೊನೆಯನ್ನು ವೀಲಿನ ಮುಖದ ಮೇಲೆ ಹಾಯಿಸಿ ಆ ಹೊಳಪಿನ ಪದರ ತೆಗೆದರು. ಮಾಸಲು, ಒರಟು ಮೈ ಹೊರಬಂತು. ಶಾಫ್ಟು ಮುಟ್ಟಿಸಿದಾಗ ಕಿಡಿಗಳು ಬಾಣದಂತೆ ನೆಟ್ಟಗೆ ಹಾರಿದವು. ಕೊನೆಯ ಎರಡು ಪಾಸ್ ಫೀಡ್ ಕೊಡದೆ ಸುಮ್ಮನೆ ಓಡಿಸಿದರು. ಕಿಡಿ ಇಳಿಯುತ್ತಾ ಇಳಿಯುತ್ತಾ ನಿಂತಿತು. ಅದಕ್ಕೆ ಸ್ಪಾರ್ಕ್ ಔಟ್ ಎಂದು ಹೆಸರು. ಕಿಡಿ ನಿಂತರೆ ಕೆಲಸ ಮುಗಿಯಿತು. ಆಮೇಲೆ ಎಷ್ಟು ಓಡಿಸಿದರೂ ಬರುವುದೇನೂ ಇಲ್ಲ. ಮೈಕ್ರೊಮೀಟರಿನಲ್ಲಿ ನೋಡಿ ನನ್ನ ಕೈಗೂ ಕೊಟ್ಟರು. ಸೈಜ್ ಸರಿಯಾಗಿತ್ತು.

ಆ ಸಂಜೆ ಗೀಟು ಹಾಕಲಿಲ್ಲ. ಆಮೇಲೂ ಹಾಕಲಿಲ್ಲ. ಅದು ಯಾವ ದೊಡ್ಡ ಪ್ರತಿಜ್ಞೆಯೂ ಅಲ್ಲ. ಆಟದ ಮೇಲಿನ ಪ್ರೀತಿ ಕರಗಿರಲಿಲ್ಲವಾದ್ದರಿಂದ ಕೆಲವು ರಾತ್ರಿ ಕಣ್ಣು ಮುಚ್ಚಿದರೆ ಆ ಮೆಟ್ಟಿಲು, ಆ ಕಂದಕ ಕಾಣುತ್ತಿದ್ದವು. ಪರೀಕ್ಷೆ ಬರೆದೆ. ಮಾಂತ್ರಿಕೆ ಹಿಮದ ಬೆಟ್ಟದ ಬುಡದಲ್ಲಿ ಹಾಗೇ ಉಳಿದಳು. ಒಂದು ದಿನ ಹಾರ್ಡ್ ಡಿಸ್ಕ್ ಕೆಟ್ಟಾಗ ಅವಳೂ ಹೋದಳು.

ಆ ಬೇಸಿಗೆ ಮಾಗಡಿ ಕಡೆಯ ಅಜ್ಜಿಯ ಊರಿನಲ್ಲಿ ಮಧ್ಯಾಹ್ನಗಳೆಲ್ಲ ಚೌಕಾಬಾರ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದರ ಮನೆ, ನಾಲ್ಕು ಕವಡೆ. ಕವಡೆ ಬೀಳುವುದು ಅದೃಷ್ಟವೇ. ಆದರೆ ಬಿದ್ದದ್ದನ್ನು ಯಾವ ಕಾಯಿಗೆ ನಡೆಸಬೇಕೆಂಬುದು ನನ್ನ ಕೈಯಲ್ಲಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ, ಹಾಗಾಗಿ ಮುಂದೆ ಓಡಿದವನೂ ಹಿಂದಿದ್ದವನಿಗೆ ಹೆದರಲೇಬೇಕು. ಚೌಕ ಬಿದ್ದರೂ ಬಾರ ಬಿದ್ದರೂ ಇನ್ನೊಂದು ಸಲ ಹಾಕುವ ಅವಕಾಶ, ಹಾಗಾಗಿ ಸೋಲುತ್ತಿದ್ದವನಿಗೂ ಕೊನೆಯವರೆಗೆ ಆಸೆ. ಅಡ್ಡಗೆರೆ ಹಾಕಿದ ಕಟ್ಟೆಮನೆಯಲ್ಲಿ ಯಾರೂ ಯಾರನ್ನೂ ಕಡಿಯುವಂತಿಲ್ಲ. ಕಾಯಿ ಹಣ್ಣಾಗುವುದಕ್ಕೆ ಅರ್ಧ ಗಂಟೆ ಸಾಕು. ಎಂಬತ್ತರ ಅಜ್ಜಿಯೂ ಎಂಟರ ಮೊಮ್ಮಗುವೂ ಒಂದೇ ಮನೆಯ ಸುತ್ತ ಕೂತು ಸಮಸಮ ಆಡುತ್ತಿದ್ದರು. ಎಷ್ಟು ತಲೆಮಾರಿನ ಕೈಗಳು ಆ ಪುಟ್ಟ ತೂಕಗಳನ್ನು ಆಚೀಚೆ ಸರಿಸಿ ಆ ಬ್ಯಾಲೆನ್ಸ್ ತಂದಿರಬೇಕು ಎಂದು ಮೊದಲ ಬಾರಿಗೆ ಬೆರಗಾದೆ.

ಬ್ಯಾಲೆನ್ಸ್ ಎಂದರೆ ಸುಲಭ ಎಂದಲ್ಲ, ಎಲ್ಲರಿಗೂ ಒಂದೇ ಬಲ ಎಂದೂ ಅಲ್ಲ. ಆಡುವವನು ಯಾವ ಕಡೆಯಿಂದ ಬಂದರೂ ಅವನ ಕಲಿಕೆಗೆ ತೂಕವಿರಬೇಕು, ಅಷ್ಟೆ. ಆ ತೂಕ ತಪ್ಪಿದ ಕಡೆಯಲ್ಲೇ ಗ್ರೈಂಡಿಂಗ್ ಹುಟ್ಟುತ್ತದೆ. ಕಲಿತದ್ದು ನಡೆಯದಿದ್ದಾಗ ಮನುಷ್ಯ ಉಳಿದಿರುವ ಒಂದೇ ನಾಣ್ಯವನ್ನು ಸುರಿಯುತ್ತಾನೆ, ತನ್ನ ಹೊತ್ತನ್ನು. ಆ ಹೊತ್ತನ್ನು ಆಟ ಕಟ್ಟುವವರು ಕಡೆಗಣಿಸಬಾರದು. ನಮ್ಮ ಮನೆಯಲ್ಲಿ ಆ ಹೊತ್ತು ದಿನಕ್ಕೆ ಒಂದೇ ಗಂಟೆಯಾಗಿತ್ತು, ಅಮ್ಮನ ಚೀಟಿಯ ಪ್ರಕಾರ. ಎಷ್ಟೋ ಮನೆಗಳಲ್ಲಿ ಮಕ್ಕಳು ಗಂಟೆಗೆ ಇಷ್ಟೆಂದು ಎಣಿಸಿ ಕೊಟ್ಟು ಸೈಬರ್ ಸೆಂಟರಿನಲ್ಲಿ ಅದನ್ನು ಕೊಳ್ಳುತ್ತಿದ್ದರು.

2010ರ ಮಾರ್ಚಿನಲ್ಲಿ, ಆಟ ಬಂದು ಹತ್ತು ವರ್ಷ ತುಂಬುವ ಹೊತ್ತಿಗೆ, 1.13 ಎಂಬ ತಿದ್ದುಪಡಿ ಬಂತು. ಐರನ್ ಮೇಡನ್ ಶಾಪವನ್ನು ಆಬ್ಲಿವಿಯನ್ ನೈಟ್‌ಗಳ ಕೈಯಿಂದ ಕಿತ್ತುಕೊಂಡರು. ಇಟ್ಟ ಪಾಯಿಂಟುಗಳನ್ನು ವಾಪಸು ತೆಗೆದು ಮತ್ತೆ ಇಡುವ ಅವಕಾಶವನ್ನು ಪ್ರತಿ ಹಂತಕ್ಕೆ ಒಂದು ಸಲ ಕೊಟ್ಟರು. ಕೆಲಸದಲ್ಲಿದ್ದ ನಾನು ಸುದ್ದಿ ಓದಿ ತಮ್ಮನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ತಪ್ಪು ಮಾಡಿರ್ಲಿಲ್ಲ ಅಕ್ಕ” ಎಂದ. ಏಳು ವರ್ಷವಾಗಿತ್ತು. ಹುಡುಗ ಮರೆತಿರಲಿಲ್ಲ.

ಅದೇ ವರ್ಷ ಅಪ್ಪನ ಶೆಡ್ಡು ಮುಚ್ಚಿತು. ಕೆಲವು ಶೆಡ್ಡುಗಳು ಪೀಣ್ಯದ ಆಚೆಗೆ ಹೋದವು, ಕೆಲವು ಜಾಗಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಅಪ್ಪ ವಜ್ರದ ಡ್ರೆಸ್ಸರ್ ಒಂದನ್ನೂ ತಮ್ಮ ಮೈಕ್ರೊಮೀಟರನ್ನೂ ಮನೆಗೆ ತಂದರು. ದಸರೆಯ ಆಯುಧ ಪೂಜೆಗೆ ಈಗಲೂ ಅವಕ್ಕೆ ಕುಂಕುಮ ಇಡುತ್ತಾರೆ.

2021ರ ಆಗಸ್ಟ್ ಕೊನೆಗೆ ಮೈಸೂರು ರಸ್ತೆಯಿಂದ ಕೆಂಗೇರಿಗೆ ಮೆಟ್ರೊ ಬಂತು. ತಮ್ಮ ಅಷ್ಟರಲ್ಲಿ ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದ್ದ. ಮರುತಿಂಗಳು ಡಯಾಬ್ಲೊ 2 ಹೊಸ ಚಿತ್ರಗಳೊಂದಿಗೆ ‘ರೆಸರೆಕ್ಟೆಡ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಅದರಲ್ಲಿ ಇಂಟರ್ನೆಟ್ಟಿನವರಿಗೆ ಮೀಸಲಾಗಿದ್ದ ರೂನ್ ಪದಗಳನ್ನು ಒಂಟಿಯಾಗಿ ಆಡುವವರಿಗೂ ಬಿಟ್ಟುಕೊಟ್ಟರು. 2022ರ ಸೆಪ್ಟೆಂಬರಿನಲ್ಲಿ ಪಿಶಾಚಿಗಳ ‘ತಗುಲುವುದಿಲ್ಲ’ವನ್ನು ಮುರಿಯುವ ಆರು ತಾಯಿತಗಳನ್ನು ತಂದರು. ಮಂಜಿಗೆ ಒಂದು, ಬೆಂಕಿಗೆ ಒಂದು, ಹೀಗೆ. ನನ್ನ ಮಾಂತ್ರಿಕೆಯ ಮುಂದೆ ಎದ್ದಿದ್ದ ಗೋಡೆ 19ನೇ ವರ್ಷದಲ್ಲಿ ಬಿತ್ತು.

ಆ ವರ್ಷದ ದೀಪಾವಳಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ವಿಜಯನಗರದಲ್ಲಿ ಮೆಟ್ರೊ ಹತ್ತಿದೆ. ಊಟವಾದ ಮೇಲೆ ತಮ್ಮ ಆಟ ತೆರೆದ. ಅವನ ಬಳಿ ಮಂಜಿನ ತಾಯಿತವೂ ಇತ್ತು, ಹೆಲ್ ಮುಟ್ಟಿದ ಒಬ್ಬ ಮಾಂತ್ರಿಕೆಯೂ ಇದ್ದಳು.

“ಹಿಮದ ಬೆಟ್ಟಕ್ಕೆ ಹೋಗು ಅಕ್ಕ, ನಿನ್ನ ಬಾಕಿ ತೀರಿಸ್ಕೋ” ಎಂದ.

ಹೋದೆ. ಹಳೆಯ ಪಿಶಾಚಿ ಎದುರಾಯಿತು. ಮಂಜು ತಗುಲಿತು, ಬಿತ್ತು. ಹತ್ತು ನಿಮಿಷ ಆಡಿದೆ. ಸಂತೋಷವಾಯಿತು, ಆದರೆ ನಾನು ಕಾಯುತ್ತಿದ್ದದ್ದು ಇದಕ್ಕಲ್ಲ ಅನ್ನಿಸಿತು. ಆ ತಾಯಿತವನ್ನು ತಮ್ಮ ಎಷ್ಟು ವಾರ ಅಲೆದು ಸಂಪಾದಿಸಿದ್ದನೆಂದು ಕೇಳಿದಾಗ ಅವನು ಉತ್ತರಿಸಲಿಲ್ಲ. ಆಟ ಮುಚ್ಚಿ, ಹೊಸ ಮಾಂತ್ರಿಕೆಯೊಬ್ಬಳನ್ನು ಹುಟ್ಟಿಸಿದೆ. ಮೊದಲ ಮಟ್ಟ, ಕೈಯಲ್ಲಿ ಒಂದು ಕೋಲು. ಅದೇ ಮಳೆ, ಅದೇ ಬಿಡಾರ. ಬೇಲಿ ದಾಟಿ ಮೊದಲ ಗುಹೆಗೆ ಹೋಗಿ, ಎರಡು ಸಲ ಓಡಿ ಬಂದು, ಮೂರನೇ ಸಲ ಒಳಗೆಲ್ಲ ಬರಿದು ಮಾಡಿದೆ. ಬಿಡಾರದ ಅಕಾರಾ ಮುದುಕಿ ಮೊದಲಿನಂತೆ ಒಂದು ಪಾಯಿಂಟ್ ಕೊಟ್ಟಳು. ಇಟ್ಟದ್ದನ್ನೆಲ್ಲ ವಾಪಸು ತೆಗೆದುಕೊಳ್ಳುವ ಅವಕಾಶವನ್ನೂ ಈಗ ಅವಳೇ ಕೊಡುತ್ತಾಳೆ. ಅದನ್ನು ಮುಂದಕ್ಕೆ ಉಳಿಸಿಕೊಂಡು, ಆ ಪಾಯಿಂಟನ್ನು ಈ ಸಲ ಬೆಂಕಿಗೆ ಇಟ್ಟೆ.

ಸೋಫಾದಲ್ಲಿ ಕೂತಿದ್ದ ಅಪ್ಪ ಯಾವಾಗ ಹಿಂದೆ ಬಂದು ನಿಂತಿದ್ದರೋ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷದ ಮಶೀನಿನ ಸದ್ದು ಅವರ ಕಿವಿಯನ್ನು ಮಂದ ಮಾಡಿದೆ, ಕಣ್ಣು ಮಾತ್ರ ಚೂಪು. ಪರದೆಯಲ್ಲಿ ಮಾಂತ್ರಿಕೆ ಬೆಂಕಿಯ ಬಾಣ ಬಿಡುತ್ತಿದ್ದಳು, ಪಿಶಾಚಿಗಳು ಬೀಳುತ್ತಿದ್ದವು. ಅಪ್ಪ ಬಾಗಿ ನೋಡಿದರು.

“ಕಿಡಿ ಚೆನ್ನಾಗಿ ಬರ್ತಿದೆ ಪುಟ್ಟಿ,” ಎಂದರು, “ಕತ್ತರಿಸ್ತಿದೆ.”